ಅಕ್ಕನ ಅರ್ಜಿಗೆ ಮೂರು ಅಡಕಗಳು

ಮಾನ್ಯ ಓದುಗರಲ್ಲಿ ವಿನಂತಿ. ಸಹಕಾರ ಸಂಘದ ಗುಮಾಸ್ತನಾದ ನಾನು ಅರ್ಜಿ, ಜ್ಞಾಪನಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೆ. ಮೊದಲೇ ಕ್ಷಮೆ ಕೋರಿ ವಿಷಯಕ್ಕೆ ಬರುತ್ತೇನೆ.

ಮೊನ್ನೆ ಭಾನುವಾರ ಚೌಳಹಿರಿಯೂರಿನ ಅಕ್ಕನ ಮನೆಯಲ್ಲಿದ್ದೆ. ಟೀವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ನಮ್ಮ ದೇಶದಲ್ಲೇ ಹುಟ್ಟಿ ಬೆಳೆದವನೊಬ್ಬ ಬೇರೆ ದೇಶದ ಅಂಗಿ ತೊಟ್ಟು ನಮ್ಮವರ ವಿರುದ್ಧವೇ ಬ್ಯಾಟು ಬೀಸುತ್ತಿದ್ದ.

"ಹುಟ್ಟಿದ ದೇಶದ ಮೇಲೇ ಆಡ್ತಾನಲ್ಲ, ಮನಸ್ಸಾದ್ರೂ ಹೆಂಗ್ ಬತ್ತದೆ ಇವನಿಗೆ" ಎಂದೆ.

ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ, "ಅವನ ಅರ್ಜಿನ ಯಾರೋ ಬುದ್ಧಿ ಇರೋರು ಬರ್ದವ್ರೆ ಕಣೋ" ಎಂದಳು.

ಭಾವ ನಕ್ಕರು. ನಾನು ನಗಲಿಲ್ಲ. ಕಾರಣವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಅಕ್ಕ ಕಬಡ್ಡಿ ಆಡುತ್ತಿದ್ದಳು. ಅವಳು ಗೆರೆ ದಾಟಿ ಹೋದರೆ ಯಾರನ್ನಾದರೂ ಮುಟ್ಟದೆ ಮರಳುತ್ತಿರಲಿಲ್ಲ. ಅಜ್ಜಂಪುರದ ಪಕ್ಕದ ನಮ್ಮೂರು ಅವಳು ಶಾಲೆಗೆ ಹೋಗುವಾಗ ತರೀಕೆರೆ ತಾಲ್ಲೂಕಿನಲ್ಲಿತ್ತು. ಅಜ್ಜಂಪುರವೇ ತಾಲ್ಲೂಕಾದಾಗ ಮನೆ, ಬಾವಿ, ಬಾಗಿಲ ಬೇವಿನಮರ ಯಾವುದೂ ಕದಲದೆ ನಾವು ಬೇರೆ ತಾಲ್ಲೂಕಿನವರಾದೆವು. ದೇಶಗಳು ಒಡೆದಾಗಲೂ ಹೀಗೇ ಆಗುತ್ತಿರಬೇಕು. ಆಟಗಾರ ಮಲಗಿದ್ದು ಒಂದು ದೇಶದಲ್ಲಿ, ಎದ್ದದ್ದು ಇನ್ನೊಂದರಲ್ಲಿ. ಅಷ್ಟರಲ್ಲಿ ಅಕ್ಕ ಮದುವೆಯಾಗಿ ಕಡೂರು ತಾಲ್ಲೂಕಿನ ಚೌಳಹಿರಿಯೂರಿಗೆ ಸೇರಿದ್ದಳು.

ದಸರಾ ಕ್ರೀಡಾಕೂಟ ಬಂತು. ಹೊಸ ತಾಲ್ಲೂಕಿನ ಮಹಿಳಾ ತಂಡಕ್ಕೆ ಏಳನೆಯವಳು ಸಿಗದೆ ಅಕ್ಕನಿಗೆ ಕರೆ ಬಂತು. ಕಡೂರಿನ ತಂಡ ಆಗಲೇ ಭರ್ತಿಯಾಗಿತ್ತು.

"ಇದೊಂದ್ಸಲ ಆಡ್ಬಿಡ್ತೀನಿ. ಆಮೇಲೆ ಯಾರ್ ಕರೀತಾರೆ ನನ್ನ?" ಎಂದು ಅಕ್ಕ ಅರ್ಜಿ ಬರೆಯುವ ಹೊಣೆಯನ್ನು ನನಗೆ ವಹಿಸಿದಳು.

ತಾಲ್ಲೂಕಿನವಳೆಂದು ತೋರಿಸುವ ಯಾವುದಾದರೂ ಒಂದು ದಾಖಲೆ ಸಾಕೆಂದು ಕ್ರೀಡಾಕೂಟದವರು ಹೇಳಿದ್ದರು. ಅಕ್ಕನ ಮತದಾರರ ಗುರುತಿನ ಚೀಟಿ ತವರಿನ ವಿಳಾಸದಲ್ಲೇ ಇತ್ತು. "ಓಟಿನ ನೆಪಕ್ಕಾದ್ರೂ ಮಗಳು ಬತ್ತಾಳೆ, ಇರ್ಲಿ ಬಿಡ್ರೋ" ಎಂದು ಅಮ್ಮ ಅದನ್ನು ಬದಲಿಸಗೊಟ್ಟಿರಲಿಲ್ಲ. ಅದೊಂದೇ ಸಾಕಿತ್ತು. ಆದರೆ ಅಡಕ ಹೆಚ್ಚಿದಷ್ಟೂ ಅರ್ಜಿಗೆ ತೂಕವೆಂದು ನಂಬಿದ ನಾನು ಶಾಲೆಯ ವರ್ಗಾವಣೆ ಪತ್ರವನ್ನೂ ಗಂಡನ ಮನೆಯ ವಿಳಾಸದ ಆಧಾರ್ ಪ್ರತಿಯನ್ನೂ ಸೇರಿಸಿ ಗುಂಡುಸೂಜಿ ಚುಚ್ಚಿದೆ.

ಆಟದ ದಿನ ಮೈದಾನದಂಚಿನ ಮೇಜಿನಲ್ಲಿ ಪರಿಶೀಲಕರು ಹಾಳೆ ತಿರುವಿದರು.

"ಸ್ವಾಮಿ, ಶಾಲೆ ತರೀಕೆರೆದು, ಓಟು ಅಜ್ಜಂಪುರದ್ದು, ಆಧಾರ್ ಕಡೂರ್ದು. ಈಯಮ್ಮ ಯಾವ ತಾಲ್ಲೂಕಿನೋರು, ನೀವೇ ಹೇಳಿ."

"ಮೂರಕ್ಕೂ ಸೇರಿದವರು ಸಾರ್."

"ಮೂರಕ್ಕೂ ಸೇರಿದೋರು ಯಾವುದ್ಕೂ ಆಡಂಗಿಲ್ಲ ಕಣ್ರೀ."

ಅವರು ಕೆಟ್ಟವರೇನಲ್ಲ. ಕುಡಿಯಲು ನೀರು ಕೊಟ್ಟರು. ಆಟಕ್ಕೆಂದು ಬಿಚ್ಚಿಟ್ಟಿದ್ದ ಗಾಜಿನ ಬಳೆಗಳನ್ನು ಅಕ್ಕ ಒಂದೊಂದಾಗಿ ಮತ್ತೆ ತೊಟ್ಟುಕೊಂಡಳು. ಆರೇ ಮಂದಿ ಅಂಕಣಕ್ಕಿಳಿದು ಸೋತರು. ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ಒಂದು ಸಾಲ್ತಿತ್ತಲ್ಲೋ." ಮತ್ತೆಂದೂ ಅವಳನ್ನು ಯಾರೂ ಕರೆಯಲಿಲ್ಲ.

ದೇಶ ಬದಲಿಸಿದ ಆಟಗಾರರಲ್ಲಿ ಕೆಲವರು ವರ್ಷಗಟ್ಟಲೆ ಯಾರ ಪರವೂ ಆಡದೆ ಕಾಯಬೇಕಂತೆ. ಇದನ್ನು ಓದಿದಾಗಲೆಲ್ಲ ನನಗೆ ಆ ಬಳೆಗಳ ಸದ್ದು ಕೇಳುತ್ತದೆ. ಆದರೂ ಮೊನ್ನೆ ಟೀವಿಯ ಮುಂದೆ ಕುಳಿತು ನಾನೂ ಆ ಪರಿಶೀಲಕರ ಮೇಜಿನ ಹಿಂದೆಯೇ ಕುಳಿತವನಂತೆ ಮಾತಾಡಿದ್ದೆ.

ಹಾಗಾಗಿ ತಡವಾಗಿ ಕೇಳಿದೆ: "ಇವತ್ತು ಕರೆದ್ರೆ ಯಾರ ಕಡೆ ಆಡ್ತೀಯ ಅಕ್ಕ?"

"ಯಾರು ಒಳಗೆ ಬಿಡ್ತಾರೋ ಅವ್ರ ಕಡೆ. ಆಡ್ಬೇಕು ಕಣೋ, ಅಷ್ಟೇ."

ಆಗಲೇ ಟೀವಿಯಲ್ಲಿ ಅವನು ಸಿಕ್ಸರ್ ಹೊಡೆದ. ಅಕ್ಕ ಅವರೆಸಿಪ್ಪೆ ಅಂಟಿದ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವೇ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಒಂದನ್ನು ಮಾತ್ರ ತಿದ್ದಲಾಗದೆಂದು ಬಲ್ಲೆ.

ಅಡಕಗಳು: ಇಲ್ಲ.