ಡೆಂಕಣಿಕೋಟೆಯ ಬಸ್ಸು ಬರಲೇ ಇಲ್ಲ

‘ಆಗ್ಲೇ ಎರಡು ಬಸ್ಸು ಬಿಟ್ಟಲ್ಲಪ್ಪ, ಎಲ್ಲಿಗೋಗ್ಬೇಕು ನೀನು?’

ಹೊಸೂರು ಬಸ್ ನಿಲ್ದಾಣದಲ್ಲಿ ಹೂ ಮಾರುವ ಅಮ್ಮ ಕೇಳಿದಾಗ, ಡೆಂಕಣಿಕೋಟೆಯ ಬಸ್ಸು ಬರಲೇ ಇಲ್ಲ ಎಂದೆ. ಹನ್ನೆರಡು ವರ್ಷದ ಮಗಳು ಪರೀಕ್ಷೆ ಮುಗಿಸಿ, ಡೆಂಕಣಿಕೋಟೆ ನಿಲ್ದಾಣದಲ್ಲಿ ಫೋನಿಲ್ಲದೆ ಒಬ್ಬಳೇ ಕಾಯುತ್ತಿದ್ದಳು. ನಾನೋ, ಹೊಸದಾಗಿ ಕಲಿತ ತಮಿಳು ಅಕ್ಷರಗಳನ್ನು ಕೂಡಿಸಿ ಬೋರ್ಡು ಓದುತ್ತಿದ್ದೆ. ಬಂದದ್ದೆಲ್ಲ ‘ತೇನ್‌ಕನಿಕ್ಕೋಟ್ಟೈ’. ಅದ್ಯಾವುದೋ ಬೇರೆ ಊರೆಂದು ಬಿಟ್ಟುಬಿಟ್ಟಿದ್ದೆ.

‘ಅದೇ ಕಣಪ್ಪ ಡೆಂಕಣಿಕೋಟೆ! ಬರೆಯೋದು ಹಂಗೆ, ಕರೆಯೋದು ಹಿಂಗೆ. ಬಾಯ್ಬಿಟ್ಟು ಕೇಳ್ಬಾರ್ದಾ?’ ಎಂದು ಬೈದ ಆ ಅಮ್ಮ, ಹೊರಟಿದ್ದ ಮೂರನೆಯ ಬಸ್ಸನ್ನು ಬಡಿದು ನಿಲ್ಲಿಸಿ ನನ್ನನ್ನು ಹತ್ತಿಸಿದರು. ಮಗಳ ಸಮವಸ್ತ್ರದ ಬಣ್ಣ ಕೇಳಿಕೊಂಡು, ಡೆಂಕಣಿಕೋಟೆ ನಿಲ್ದಾಣದಲ್ಲಿ ಹೂ ಮಾರುವ ತಮ್ಮ ತಂಗಿಗೆ ಫೋನು ಹಚ್ಚಿದರು.

ದಾರಿಯುದ್ದಕ್ಕೂ ಆಗಬಾರದ್ದನ್ನೆಲ್ಲ ಊಹಿಸಿಕೊಂಡು ಇಳಿದರೆ, ಮಗಳು ಆ ತಂಗಿಯ ಪಕ್ಕ ಕುಳಿತು ಕನಕಾಂಬರ ಕಟ್ಟುತ್ತಿದ್ದಳು. ‘ಮಗು ಅಳ್ಲಿಲ್ಲ ಸಾಮಿ. ನಿಮ್ಮಪ್ಪ ಭಾಳ ಹೆದರ್ಕಂಡವ್ರಂತೆ, ಬಂದ್ಮೇಲೆ ಸಮಾಧಾನ ಮಾಡವ್ವ ಅಂತ ನಾನೇ ಹೇಳಿದ್ದೆ’ ಎಂದು ಆಕೆ ನಕ್ಕರು. ಮಗಳು ಹಾಗೆಯೇ ಮಾಡಿದಳು.

ಹೆದರುವುದನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ಪರಊರು ಎಂದು ಹೆದರುವುದನ್ನು ಮಾತ್ರ ಅಂದೇ ಬಿಟ್ಟೆ.