ಬೀದಿ ಕೋಣೆಯ ವಿಡಿಯೊ

ನಾನು ಕೊರಟಗೆರೆ ಕಡೆಯಿಂದ ಮದುವೆಯಾಗಿ ಮಧುಗಿರಿಗೆ ಬಂದಾಗ ನಮ್ಮ ಮನೆಯ ಬೀದಿ ಬದಿಯ ಕೋಣೆಯಲ್ಲಿ ಹುಣಸೆಹಣ್ಣು ತುಂಬಿಡುತ್ತಿದ್ದರು. ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಮಾವ ಅದನ್ನು ಖಾಲಿ ಮಾಡಿಸಿ ವಿಡಿಯೊ ತೋರಿಸುವ ಒಬ್ಬನಿಗೆ ಬಾಡಿಗೆಗೆ ಕೊಟ್ಟರು. ಅವನು ಪಾವಗಡ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು. ಒಂದು ಬಣ್ಣದ ಟೀವಿ ತಂದ, ಕ್ಯಾಸೆಟ್ ಹಾಕುವ ಪೆಟ್ಟಿಗೆ ತಂದ, ನೆಲಕ್ಕೆ ಚಾಪೆ ಹಾಸಿ ಕಿಟಕಿಗೆ ಕಪ್ಪು ಬಟ್ಟೆ ಬಿಗಿದ.

ಮೊದಮೊದಲು ದೇವರ ಸಿನಿಮಾ ಹಾಕಿದ. ಬೀದಿಯ ಹೆಂಗಸರೆಲ್ಲ ಹೋಗಿ ನೋಡಿದರು, ನಾನೂ ನೋಡಿದೆ. ಆಮೇಲೆ ಅವನು ಎಲ್ಲಿಂದಲೋ ಬೇರೆ ಕ್ಯಾಸೆಟ್ಟುಗಳನ್ನು ತರತೊಡಗಿದ. ಹೆಂಗಸರು ಹೋಗುವುದನ್ನು ನಿಲ್ಲಿಸಿದರು. ಸ್ಕೂಲಿಗೆ ರಜೆ, ಬೀದಿಯ ಮಕ್ಕಳೆಲ್ಲ ಬೆಳಿಗ್ಗೆಯಿಂದಲೇ ಅಲ್ಲಿ.

ಆ ಕೋಣೆಗೂ ನಮ್ಮ ನಡುಮನೆಗೂ ನಡುವೆ ಒಂದು ಬಾಗಿಲಿತ್ತು. ಅಗುಳಿ ನಮ್ಮ ಕಡೆಗಿತ್ತು. ನಾನು ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದರೆ ಆ ಬಾಗಿಲ ಸಂದಿಯಿಂದ ಒಬ್ಬ ಹೆಂಗಸು ಚೀರುವುದು ಕೇಳುತ್ತಿತ್ತು. ನಿಜವಾಗಿ ಯಾರನ್ನೋ ಕೊಲ್ಲುತ್ತಿದ್ದಾರೆ ಎನ್ನುವ ಹಾಗೆ ಚೀರಾಟ. ಅದರ ಮೇಲೆ ಎಳೆಯ ಗಂಟಲುಗಳ ಸಿಳ್ಳೆ. ನನಗೆ ಊಟ ಸೇರುತ್ತಿರಲಿಲ್ಲ. ಮಾವ ಮಾತ್ರ ಅದೇ ಗದ್ದಲದಲ್ಲಿ ಕೂತು ಸಾರು ಸುರಿದುಕೊಂಡು ಉಣ್ಣುತ್ತಿದ್ದರು.

ನಮಗೆ ಮೊಸರು ಕೊಡುವವಳು ಬೆಟ್ಟದ ಆಚೆಯ ಹಳ್ಳಿಯವಳು, ಕುರಿ ಸಾಕುವ ಮನೆಯವಳು. ರಜೆಯಲ್ಲಿ ಎಂಟು ವರ್ಷದ ಮಗನನ್ನೂ ಜೊತೆಗೆ ಕರೆತರುತ್ತಿದ್ದಳು. ಮೊಸರು ಮಾರಿ ಬರುವವರೆಗೆ ಅವನನ್ನು ವಿಡಿಯೊ ಕೋಣೆಯಲ್ಲಿ ಬಿಟ್ಟು ಹೋಗುತ್ತಿದ್ದಳು. "ಬಿಸ್ಲಲ್ಲಿ ಅಲೆಯಾದು ತಪ್ತದೆ ಕಣಕ್ಕ, ನೆಳ್ಳಲ್ಲಿ ಕುಂತಿರ್ತಾನೆ," ಅಂದಳು. ಒಳಗೆ ಏನು ತೋರಿಸುತ್ತಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೊದಲ ದಿನವೇ ಆ ಹುಡುಗ ಹೊರಗೆ ಓಡಿಬಂದು ನಮ್ಮ ಜಗಲಿಯ ಮೇಲೆ ವಾಂತಿ ಮಾಡಿಕೊಂಡ. ನಾನು ಬಾಯಿ ತೊಳೆಸಿ, ಏನಾಯಿತೆಂದು ಕೇಳಿದೆ.

"ಅವ್ನ ಕೈಯ ಕಡ್ದು ಬುಟ್ರು ಕಣಕ್ಕ. ಕೈ ಒಂದೇ ಬಿದ್ಕೊಂಡು ಅಲ್ಲಾಡ್ತಿತ್ತು," ಅಂದ.

ಮಾವ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. "ಬಿಸ್ಲು ಜಾಸ್ತಿ ಕಣಮ್ಮ, ಹುಡುಗ್ರಿಗೆ ಅಂಗೆ ಆಯ್ತದೆ. ಒಂದು ಬಿಂದ್ಗೆ ನೀರು ಹುಯ್ಯಿ," ಎಂದರು. ನಾನು ನೀರು ಹೊಯ್ದು ತೊಳೆದೆ. ತೊಳೆಯುವಾಗ ನನಗೆ ಆ ವಾಂತಿಯ ಮೇಲೆ ಹೇಸಿಗೆ ಬರಲಿಲ್ಲ.

ಮರುದಿನ ಹುಡುಗ ಮತ್ತೆ ಒಳಗೆ ಹೋದ. ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ನಮ್ಮಲ್ಲಿ ಬಂದು ಕೂರು ಎಂದೆ, ಬೇರೆ ಹುಡುಗರು ನಕ್ಕರೆಂದು ಬರಲಿಲ್ಲ. ಕೆಲವು ದಿನ ಮುಖ ಮುಚ್ಚಿಕೊಂಡು ಕೂರುತ್ತಿದ್ದನಂತೆ. ಅದನ್ನು ವಿಡಿಯೊದವನೇ ನಗುತ್ತಾ ಹೇಳಿದ. "ಇಪ್ಪುಡು ಅಭ್ಯಾಸ ಆಗೋಯ್ತು ಅಮ್ಮಾ, ಮುಂದೇನೇ ಕುಂತ್ಕೊಂಡು ನೋಡ್ತಾನೆ." ಮಗು ನಡೆಯಲು ಕಲಿಯಿತು ಎಂದು ಹೇಳುವಂಥ ಸಂತೋಷ ಅವನ ದನಿಯಲ್ಲಿ.

ನನ್ನ ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು, ಅಪ್ಪನೆದುರು ಬಾಯಿ ಬಿಡುವವರಲ್ಲ. "ಏನ್ರೀ, ಇದಕ್ಕೊಂದು ಕಾನೂನು ಅನ್ನೋದು ಇಲ್ವಾ?" ಎಂದು ಕೇಳಿದೆ.

"ಟಾಕೀಸಿಗೆ ಇದೆ. ವಿಡಿಯೊಗೂ ಲೈಸೆನ್ಸು ಅಂತಾರೆ. ಬಂದು ನೋಡೋರು ಯಾರು?" ಎಂದರು. ಆದರೂ ನನ್ನ ಕಾಟ ತಾಳಲಾರದೆ ಯಾರ ಕಿವಿಗೋ ಹಾಕಿದರು. ಒಬ್ಬ ಪೇದೆ ಬಂದ. ಜಗಲಿಯಲ್ಲಿ ಕೂತು ನಾನೇ ಮಾಡಿಕೊಟ್ಟ ಟೀ ಕುಡಿದು, ಬಾಗಿಲಿಗೆ ಒಂದು ಬೋರ್ಡ್ ಹಾಕಲು ಹೇಳಿ ಹೋದ. ಸಂಜೆಗೆ ಬೋರ್ಡ್ ಬಂತು. ಹದಿನೆಂಟು ವರ್ಷ ತುಂಬದವರಿಗೆ ಪ್ರವೇಶವಿಲ್ಲ ಎಂದು ಕೆಂಪು ಅಕ್ಷರ. ಮಕ್ಕಳು ಅದನ್ನು ಪಾಠ ಒಪ್ಪಿಸುವ ಹಾಗೆ ರಾಗವಾಗಿ ಓದಿಕೊಂಡು ಒಳಗೆ ನುಗ್ಗಿದರು. ಬೋರ್ಡ್ ಹಾಕಿದ ಮೇಲೆ ಬೇರೆ ಬೀದಿಯ ಮಕ್ಕಳೂ ಬಂದರು. ಒಳಗೆ ಏನೋ ಇದೆ ಎಂದು ಬೋರ್ಡೇ ಅವರಿಗೆ ಹೇಳಿತು.

ಒಂದು ಮಧ್ಯಾಹ್ನ ಮೊಸರಿನವಳು ಬೇಗ ಬಂದಳು. ಒಳಗೆ ಚೀರಾಟ ನಡೆದಿತ್ತು. ನಾನು ಅವಳ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ ಅಗುಳಿ ತೆಗೆದೆ.

ಬೀಡಿಯ ಹೊಗೆ, ಬೆವರು, ಕಡಲೆಕಾಯಿ ಸಿಪ್ಪೆಯ ವಾಸನೆ ಒಟ್ಟಿಗೆ ಮುಖಕ್ಕೆ ಬಡಿಯಿತು. ಟೀವಿಯಲ್ಲಿ ಒಬ್ಬನನ್ನು ಕಟ್ಟಿಹಾಕಿ ನಿಧಾನವಾಗಿ ಕೊಯ್ಯುತ್ತಿದ್ದರು. ಕೊಯ್ಯುವುದನ್ನು ಹತ್ತಿರ ಹತ್ತಿರ ತೋರಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಅವಳ ಮಗ ಬಾಯಿ ತುಂಬ ಕಡಲೆಕಾಯಿ ಇಟ್ಟುಕೊಂಡು ಕೇಕೆ ಹಾಕಿ ನಗುತ್ತಿದ್ದ.

ಅವಳು ಸ್ವಲ್ಪ ಹೊತ್ತು ಟೀವಿಯನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು. ಹೋಗಿ ಅವನ ರೆಟ್ಟೆ ಹಿಡಿದು ಎಬ್ಬಿಸಿದಳು. "ಇನ್ನೂ ಐತೆ ಕಣವ್ವ, ಬುಡು!" ಎಂದು ಹುಡುಗ ಒದ್ದಾಡಿದ. ಅವಳು ಬಿಡಲಿಲ್ಲ. ನಡುಮನೆಗೆ ಬಂದ ಮೇಲೆ ನನಗೆ ಹೇಳಿದಳು: "ನಾವೂ ಕುರಿ ಕುಯ್ತೀವಿ ಕಣಕ್ಕ. ಕುಯ್ವಾಗ ನಮ್ಮನೇಲಿ ಯಾರೂ ನಗಾಕಿಲ್ಲ." ಅಷ್ಟು ಹೇಳಿ ಅಳತೊಡಗಿದಳು. ಹುಡುಗ ಅರ್ಥವಾಗದೆ ಅವಳ ಮುಖ ನೋಡುತ್ತಾ ನಿಂತ.

ಬೆಳಕು ಬಿದ್ದು ಟೀವಿ ಕಾಣುತ್ತಿಲ್ಲವೆಂದು ವಿಡಿಯೊದವನು ಕೂಗಿದ. ಮಾವ ಎದ್ದು ಬಂದರು. "ಬಾಗ್ಲು ಹಾಕಮ್ಮ."

ನಾನು ಒಳಗಿಂದ ಅಕ್ಕಿ ತುಂಬಿದ ಮೊರ ತಂದು ಹೊಸ್ತಿಲ ಮೇಲೆ ಕೂತೆ. "ಬೋರ್ಡಲ್ಲಿ ಬರೆದಿರೋ ಹಾಗೆ ಹುಡುಗರನ್ನ ಕಳಿಸ್ಲಿ ಮಾವ. ಈ ಕ್ಷಣಾನೇ ಬಾಗಿಲು ಹಾಕ್ತೀನಿ."

"ನೀನು ಯಾರು ಅದನ್ನ ಕೇಳಾಕೆ?"

"ನಾನಲ್ಲ, ಬೋರ್ಡು ಹೇಳ್ತಿದೆ. ಸರ್ಕಾರದ್ದು."

ಅವರು ತಿರುಗಿ ಜಗಲಿಗೆ ಹೋದರು. ಅದುವರೆಗೆ ನಾನು ಹೇಳಿದ್ದೆಲ್ಲ ಸೊಸೆಯ ಮಾತಾಗಿತ್ತು, ಸೊಸೆಯ ಮಾತನ್ನು ಕೊಡವಿಕೊಂಡು ಹೋಗಬಹುದಿತ್ತು. ಯಾರೂ ಲೆಕ್ಕಿಸದ ಆ ಹಲಗೆ ಅಂದು ನನ್ನ ಕೈಗೆ ಬಂತು. ಕಾನೂನು ಬೇಕೋ ಬೇಡವೋ ಎಂದು ಜನ ವಾದ ಮಾಡುವಾಗ ನನಗೆ ನೆನಪಾಗುವುದು ಇದೇ. ಬಾಗಿಲಲ್ಲಿ ಕೂರುವವರಿಲ್ಲದ ಕಾನೂನು ಬರಿ ಬಣ್ಣ. ಆದರೆ ಕೂರುವವರ ಬೆನ್ನಿಗೆ ಕಾನೂನಿಲ್ಲದಿದ್ದರೆ ಅವರ ಮಾತು ಹೊಸ್ತಿಲು ದಾಟುವುದಿಲ್ಲ.

ಆಮೇಲೆ ದಿನವೂ ಮಕ್ಕಳು ಒಳಗೆ ಹೋದ ಕೂಡಲೇ ಬಾಗಿಲು ತೆಗೆದು ಕೂತೆ. ಅಕ್ಕಿ ಮುಗಿದರೆ ಬೇಳೆ, ಬೇಳೆ ಮುಗಿದರೆ ಸೊಪ್ಪು. ಮಾವ ಹೊರಗೆ ಕೂಗಾಡಿದರು, ಗಂಡ ತಲೆ ತಗ್ಗಿಸಿಕೊಂಡು ಕಚೇರಿಗೆ ಹೋದರು. ಹೆಂಗಸೊಬ್ಬಳು ನೋಡುತ್ತಾ ಕೂತಿದ್ದಾಳೆಂದು, ಆಗೊಬ್ಬ ಈಗೊಬ್ಬ ಬರುತ್ತಿದ್ದ ದೊಡ್ಡ ಗಂಡಸರು ನಾಚಿ ಎದ್ದುಹೋಗುತ್ತಿದ್ದರು. ಕೊನೆಗೆ ವಿಡಿಯೊದವನು ಸೋತು ಮಕ್ಕಳನ್ನೆಲ್ಲ ಹೊರಗೆ ಕಳಿಸಿದ. ಮಾತು ಕೊಟ್ಟಂತೆ ನಾನು ಬಾಗಿಲು ಹಾಕಿದೆ. ಆಗ ನೋಡಿದರೆ ಒಳಗೆ ಉಳಿದವರು ಬೇಸಿಗೆಯ ನಿದ್ದೆಗೆಂದು ಬಂದ ಒಂದಿಬ್ಬರು ಮುದುಕರು. ಅಷ್ಟು ದಿನ ಆ ಕೋಣೆ ನಡೆದಿದ್ದೇ ಮಕ್ಕಳಿಂದ. ದೊಡ್ಡವರಿಗೆಂದು ತಂದ ಕ್ಯಾಸೆಟ್ಟುಗಳಲ್ಲ ಅವು, ತಂದಾಗಲೇ ಅವನಿಗೆ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು. ಅದು ತಿಳಿದಾಗ ನನಗೆ ಗೆದ್ದ ಸಂತೋಷ ಬರಲಿಲ್ಲ.

ಅವನು ಟೀವಿ ಕಟ್ಟಿಕೊಂಡು ಸಿರಾ ರಸ್ತೆಯ ಒಂದು ಶೀಟಿನ ಶೆಡ್ಡಿಗೆ ಹೋದ. ಅಲ್ಲಿಗೆ ಯಾವ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಬೀದಿಯ ಮಕ್ಕಳಲ್ಲಿ ಅರ್ಧ ಜನ ಅಲ್ಲಿಗೂ ನಡೆದುಹೋದರು. ಮೊಸರಿನವಳು ಮಾತ್ರ ಮಗನನ್ನು ಬಿಸಿಲಲ್ಲೇ ಜೊತೆಗೆ ಕರೆದುಕೊಂಡು ತಿರುಗಿದಳು. ನಮ್ಮ ಜಗಲಿಗೆ ಬಂದರೆ ಅವನು ನೀರು ಕೇಳಿ ಕುಡಿಯುತ್ತಿದ್ದ, ಮುಚ್ಚಿದ ಕೋಣೆಯ ಕಡೆಗೊಮ್ಮೆ ಆಸೆಯಿಂದ ನೋಡುತ್ತಿದ್ದ.

ಮಾವನ ಮರ್ಯಾದೆಗೇನೂ ಕುಂದಾಗಲಿಲ್ಲ. ದಾರಿಯಲ್ಲಿ ಹೋಗುವವರು ಕೈಮುಗಿಯುತ್ತಿದ್ದರು, ನ್ಯಾಯ ಹೇಳಲು ಕರೆಯುತ್ತಿದ್ದರು. ಅವರು ಬದುಕಿರುವವರೆಗೂ ನಾನೇ ಬಡಿಸಿದೆ, ಕಾಯಿಲೆ ಬಿದ್ದಾಗ ನಾನೇ ನೋಡಿಕೊಂಡೆ. ತಟ್ಟೆ ಮುಂದಿಡುವಾಗ ಮಾತ್ರ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.