ಮೇಸ್ತ್ರಿಯ ಸಸಿಗೆ ನಾಲ್ಕು ಕೈ ನೀರು

ಗಾರೆ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಮನೆಯವರು ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ತುದಿಗೆ ಬಂದು ಒಂದು ಗಳಿಗೆ ಕೂರುವಷ್ಟು ತಾಳ್ಮೆ ಆ ಕೋಪಕ್ಕೆ ಎಲ್ಲಿತ್ತು? ಇಟ್ಟಿಗೆಯ ಸಾಲು ಒಂದು ನೂಲಿನಷ್ಟು ಆಚೀಚೆ ಆದರೂ ಕಟ್ಟಿದ ಗೋಡೆಯನ್ನೇ ಒದ್ದು ಕೆಡವಿ ಮತ್ತೆ ಕಟ್ಟಿಸುತ್ತಿದ್ದ ಆಸಾಮಿ ಅವನು. "ಒದ್ದೂ ಒದ್ದೂ ನಮ್ಮ ಭಾವನ ಮಂಡಿ ಹೋಯ್ತು" ಎಂದು ಅವನ ಹೆಂಡತಿಯ ತಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ನಿಜವಾಗಿ ಆಗಿದ್ದು ಏನೆಂದರೆ, ವರ್ಷಗಟ್ಟಲೆ ಸಾರ್ವೆ ಹತ್ತಿ ಇಳಿದು ಮಂಡಿಯ ಕೀಲು ಸವೆದಿತ್ತು. ಡಾಕ್ಟರು ಕಾಲನ್ನು ಮಡಚಿ ಬಿಡಿಸಿ ನೋಡಿ, "ಇನ್ನು ಏಣಿ ಮುಟ್ಟಬೇಡಿ" ಎಂದುಬಿಟ್ಟರು.

ಮಾರನೆಯ ದಿನವೇ ಬಾಮೈದ ಬಂದ. ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಆ ಅಂಗಡಿಯ ನಾಲ್ಕೂ ಗೋಡೆ ಮೇಸ್ತ್ರಿಯೇ ಕಟ್ಟಿದ್ದು.

"ನನ್ನ ಅಂಗಡೀಲಿ ಗಲ್ಲಾ ಪಕ್ಕ ಒಂದು ಸ್ಟೂಲು ಹಾಕಿಸ್ತೀನಿ ಭಾವ. ಮೊಳೆ ತೂಗಿ ಕೊಡೋದು, ಅಷ್ಟೇ ಕೆಲಸ. ಮೇಲೆ ಫ್ಯಾನು. ಮೆತ್ತಗೆ ಒಂದು ದಿಂಬನ್ನೂ ಹೊಲಿಸಿದ್ದೀನಿ."

ದಿಂಬು ಎಂಬ ಮಾತು ಕೇಳಿಯೇ ಮೇಸ್ತ್ರಿಯ ಕಿವಿ ಕೆಂಪಾಯಿತು. ತಾನು ತೂಗುಗುಂಡು ಬಿಟ್ಟು ನಿಲ್ಲಿಸಿದ ಗೋಡೆಗೆ ಒರಗಿ, ಮೊಳೆ ತೂಗುತ್ತ, ಇವನು ಬಂದವರೆದುರಿಗೆಲ್ಲ ಹಾರಿಸುವ ಜೋಕಿಗೆ ಹಲ್ಲು ಕಿರಿಯುತ್ತ ಕೂರುವುದೇ? ಅದಕ್ಕಿಂತ ಇನ್ನೊಂದು ಮಂಡಿಯೂ ಹೋಗಲಿ ಎಂದುಕೊಂಡ.

ಸಸಿಯ ಯೋಚನೆ ಹುಟ್ಟಿದ್ದು ಹಾಗೆ. ಬೀದಿಯ ತಿರುವಿನಲ್ಲಿ ಸಸಿ ಮಾರುವ ಒಬ್ಬಾಕೆಯ ಅಂಗಡಿ ಇತ್ತು. ಎಲ್ಲರೂ ಆಕೆಯನ್ನು ಸಸಿ ಅಕ್ಕ ಎನ್ನುತ್ತಿದ್ದರು. ಆ ಊರಿನ ಸೆಕೆ ಎಂಥದ್ದೆಂದರೆ ಬೆಳಗ್ಗೆ ಒಣಹಾಕಿದ ಬಟ್ಟೆ ಸಂಜೆಗೆ ಇನ್ನಷ್ಟು ಒದ್ದೆಯಾಗಿರುತ್ತಿತ್ತು. ಆದರೆ ಗಾಳಿ ತಣ್ಣಗಾದ ಮೇಲೆ ಟೊಮೆಟೊ ಕಾಯಿ ಕಟ್ಟಬೇಕೆಂದರೆ ಈ ಬೆವರಿನ ಕಾಲದಲ್ಲೇ ಬೀಜ ಹಾಕಿ ಸಸಿ ಎಬ್ಬಿಸಬೇಕು. ಎಳೆ ಟೊಮೆಟೊಗೂ ಈ ಸೆಕೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅದಕ್ಕೇ ಜನ ಆ ಗೋಜಿಗೆ ಹೋಗದೆ ಸಸಿಯನ್ನೇ ಕೊಂಡು ನೆಡುತ್ತಿದ್ದರು, ಮತ್ತು ಸಸಿ ಅಕ್ಕನಿಗೆ ಆ ಹೊತ್ತಿನಲ್ಲಿ ಎಷ್ಟು ಸಸಿ ಬಂದರೂ ಸಾಲುತ್ತಿರಲಿಲ್ಲ.

"ಬಾಗಿಲ ಪಕ್ಕದ ಈ ಕಬ್ಬಿಣದ ಸ್ಟ್ಯಾಂಡು ನಿಮಗೆ ಬಿಟ್ಟಿರ್ತೀನಿ ಮೇಸ್ತ್ರಿ" ಎಂದಳು ಆಕೆ. "ಗಾಳಿ ತಿರುಗೋ ಹೊತ್ತಿಗೆ ತುಂಬಿಸಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ. ಆಮೇಲೆ ಬಂದು ಕೂಗಾಡಬಾರದು."

ಮೇಸ್ತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದ. "ಸ್ಟೂಲೋ ಸ್ಟ್ಯಾಂಡೋ, ಎರಡರಲ್ಲಿ ಒಂದು. ನೋಡ್ತಾ ಇರು."

ಕೆಲಸವನ್ನೇನೋ ಅವನು ಶಿಸ್ತಾಗಿಯೇ ಹಿಡಿದ. ಗೊಬ್ಬರದ ಮಣ್ಣನ್ನು ಪ್ಲಾಸ್ಟರಿನ ಮರಳು ಜರಡಿ ಹಿಡಿದಂತೆ ಹಿಡಿದು ಹಿಟ್ಟು ಮಾಡಿದ. ಗುಳಿಗುಳಿಯ ಪ್ಲಾಸ್ಟಿಕ್ ಟ್ರೇಗಳಲ್ಲಿ ಅದನ್ನು ತುಂಬಿ, ಕರಣೆಯಿಂದ ಒತ್ತಿ ಒತ್ತಿ ನಯ ಮಾಡಿ, ಕೊನೆಗೆ ರಸಮಟ್ಟ ಇಟ್ಟು ನೋಡಿದ.

"ಬಣ್ಣ ಯಾವಾಗ ಹೊಡೀತೀಯಪ್ಪಾ?" ಎಂದಳು ಮಗಳು.

"ನಗೆ ನಿನಗೆ. ಬೀಜ ಒಂದೇ ಮಟ್ಟದಲ್ಲಿ ಕೂರಬೇಕು ಕಣೇ. ಹೋಗು, ಓದ್ಕೋ ಹೋಗು."

ಬೀಜ ಮೊಳೆತವು. ತಾರಸಿಯ ಮೇಲೆ ಸಾಲಾಗಿ ನಿಂತ ಹಸಿರನ್ನು ನೋಡಿ ಮೇಸ್ತ್ರಿ ಮೀಸೆ ತಿರುವಿದ. ಬಾಮೈದನನ್ನು ಕರೆದು ತೋರಿಸಿದ. ಅದಾಗಿ ವಾರವೂ ಕಳೆದಿರಲಿಲ್ಲ, ಒಂದು ಬೆಳಗ್ಗೆ ಮೇಲೆ ಹೋಗಿ ನೋಡಿದರೆ ಅರ್ಧ ಟ್ರೇ ಮಲಗಿತ್ತು. ಎಲೆ ಇನ್ನೂ ಹಸಿರು, ಆದರೆ ಮಣ್ಣಿಗೆ ತಾಗುವ ಕಡೆ ಯಾರೋ ಉಗುರಿನಿಂದ ಚಿವುಟಿದ ಹಾಗೆ ಬುಡ ಸಣ್ಣಗಾಗಿ ಕಪ್ಪಾಗಿತ್ತು. ಮಾರನೆಯ ದಿನ ಉಳಿದರ್ಧವೂ ಮಲಗಿತು.

ಬೀಜವೇ ಖೋಟಾ ಎಂದು ಬೀಜದವನ ಹತ್ತಿರ ಜಗಳವಾಡಿ ಬಂದ. ಬಿಸಿಲು ಹೆಚ್ಚಾಗಿರಬೇಕು ಎಂದು ಎರಡನೆಯ ಸಲದ ಟ್ರೇಗಳನ್ನು ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಇಟ್ಟ. ಅಲ್ಲಿ ಅವು ಹೊಲಿಗೆ ದಾರದಂತೆ ಸಣ್ಣಗೆ, ಬಿಳಿಚಿಕೊಂಡು, ಬಾಗಿಲ ಬೆಳಕಿನ ಕಡೆಗೆ ಕತ್ತು ಚಾಚಿ ಬೆಳೆದವು. ಆಮೇಲೆ ಅವೂ ಮಲಗಿದವು.

"ಬೆಳೆಯೋ ಸಿರಿ ಮೊಳಕೇಲೇ ಗೊತ್ತಾಗುತ್ತೆ ಅಂತಾರೆ ಭಾವ" ಎಂದ ಬಾಮೈದ, ಟೀ ಕುಡಿಯುತ್ತ. "ನಿಮ್ಮದು ಮೊಳಕೇಲೇ ನಿದ್ದೆ. ದಿಂಬು ತಂದು ಕೊಡ್ಲಾ ಅವಕ್ಕೆ?"

"ನಿನ್ನ ದಿಂಬನ್ನ ನಿನ್ನ ಬಾಯಿಗೆ ತುರುಕ್ತೀನಿ ನೋಡು!"

"ಅಯ್ಯೋ, ನಿಧಾನ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಮ್ಮ ನೆಲ ಮಾತ್ರ ಡೊಂಕಿಲ್ಲ ಬಿಡಿ, ರಸಮಟ್ಟ ಇಟ್ಟಿದ್ದೀರಲ್ಲ."

ಮೇಸ್ತ್ರಿ ಲೋಟ ಎತ್ತಿ ಎಸೆಯುವುದರೊಳಗೆ ಬಾಮೈದ ಮೆಟ್ಟಿಲಿಳಿದಿದ್ದ.

ಮೂರನೆಯ ಸಲಕ್ಕೆ ಹಸಿರು ನೆರಳುಪರದೆ ಕಟ್ಟಿದ. ಬೀಜ ಬೇರೆ ತಂದ, ಟ್ರೇಗಳನ್ನು ಬೂದಿ ಹಾಕಿ ತಿಕ್ಕಿದ. "ಈ ಸಲ ಒಂದು ಸಸಿ ಒಣಗಿದ್ರೂ ಮನೇಲಿ ಒಬ್ಬರನ್ನೂ ಬಿಡಲ್ಲ" ಎಂದು ತಾರಸಿಯಿಂದಲೇ ಕೆಳಗಿನ ಮನೆಗೆ ಕೇಳುವಂತೆ ಕೂಗಿ ಹೇಳಿದ. ಅಡುಗೆಮನೆಯಲ್ಲಿ ಹೆಂಡತಿ, ಅವಳ ತಾಯಿ ಮುಖ ಮುಖ ನೋಡಿಕೊಂಡರು. ಮಗಳು ಪುಸ್ತಕದಲ್ಲಿ ತಲೆ ಹುದುಗಿಸಿದಳು.

ಮತ್ತೆ ಒಂದು ಮೂಲೆಯಿಂದ ಸಸಿಗಳು ಮಲಗತೊಡಗಿದಾಗ ಮೇಸ್ತ್ರಿ ಒಂದು ಟ್ರೇಯನ್ನು ಎದೆಗೆ ಅವುಚಿಕೊಂಡು, ಕುಂಟುತ್ತ ಸಸಿ ಅಕ್ಕನ ಅಂಗಡಿಗೆ ಹೋದ. ಆಕೆ ಒಂದು ಗುಳಿಯಲ್ಲಿ ಹೆಬ್ಬೆರಳು ಒತ್ತಿದಳು. ಉಗುರಿನ ಸುತ್ತ ನೀರು ಜಿನುಗಿತು.

"ಮೇಸ್ತ್ರಿ, ಇದು ಸಸಿ ಟ್ರೇನೋ, ಬಚ್ಚಲೋ?"

"ಏನು ಹಾಗಂದ್ರೆ?"

"ನೀರು ಕುಡಿಸಿ ಕುಡಿಸಿ ಕೊಂದಿದ್ದೀರಿ. ಮೊದಲೇ ಸೆಕೆ, ಗಾಳೀಲೇ ನೀರಿದೆ. ಮೇಲಿಂದ ಮಣ್ಣನ್ನ ಈ ಪಾಟಿ ಒತ್ತಿದ್ದೀರಿ, ನೀರು ಇಳಿಯೋದಾದ್ರೂ ಎಲ್ಲಿಗೆ? ಬುಡ ಕೊಳೀತದೆ."

"ನಾನು ಬೆಳಗ್ಗೆ ಒಂದೇ ಸಲ ಹಾಕೋದು! ಒಂದೇ ಚೊಂಬು! ಸುಳ್ಳು ಹೇಳ್ತೀನಾ ನಾನು?"

"ನೀವು ಹೇಳ್ತೀರೋ ಬಿಡ್ತೀರೋ ನನಗೆ ಗೊತ್ತಿಲ್ಲ. ಮಣ್ಣು ಹೇಳ್ತಿರೋದು ಇದು." ಆಕೆ ಸ್ಟ್ಯಾಂಡಿನ ಕಡೆ ನೋಡಿದಳು. ಅದು ಖಾಲಿ ಇತ್ತು. "ಕೇಳೋರು ಬರ್ತಿದ್ದಾರೆ ಮೇಸ್ತ್ರಿ. ಇನ್ನೊಂದು ಸಲ ನೋಡ್ತೀನಿ. ಅಷ್ಟೇ."

ಬುಸುಗುಟ್ಟುತ್ತ ಹೊರಟವನು ಬೀದಿಯ ಉದ್ದಕ್ಕೂ ಗೊಣಗಿದ. ಒಂದು ಚೊಂಬು ನೀರು ಹೆಚ್ಚಂತೆ! ಹಸಿ ಗೋಡೆಗೆ ಮೂರು ಹೊತ್ತು ನೀರುಣಿಸಿ ಕಟ್ಟಡ ನಿಲ್ಲಿಸಿದವನಿಗೆ ಇವಳು ನೀರಿನ ಲೆಕ್ಕ ಹೇಳುತ್ತಾಳೆ. ಮುಂಬಾಗಿಲಿನಿಂದ ಹೋದರೆ ಹೆಂಡತಿ ಏನಾಯಿತೆಂದು ಕೇಳುತ್ತಾಳೆ. ಆ ಕ್ಷಣದಲ್ಲಿ ಯಾರ ಮುಖವೂ ಬೇಡವಾಗಿತ್ತು. ಹಿತ್ತಲ ಮೆಟ್ಟಿಲು ಹಿಡಿದು, ಒಂದೊಂದೇ ಹೆಜ್ಜೆಗೆ ಹಲ್ಲು ಕಚ್ಚುತ್ತ ಮೇಲೇರಿದ.

ಮೇಲಿನ ಮೆಟ್ಟಿಲಲ್ಲಿ ಅವನ ಕಾಲು ಅಲ್ಲೇ ನಿಂತಿತು. ನೆರಳುಪರದೆಯ ಕೆಳಗೆ ಅವನ ಅತ್ತೆ ಬಗ್ಗಿ, ಪ್ಲಾಸ್ಟಿಕ್ ಮಗ್ಗಿನಿಂದ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದಳು. ಮುದುಕಿ ಕೆಲಸ ಮುಗಿಸಿ, ಮಗ್ಗನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದಿನ ಮೆಟ್ಟಿಲಿನಿಂದ ಇಳಿದು ಹೋದಳು. ಮೇಸ್ತ್ರಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಗಳು ಬಂದಳು. ಅವಳ ಕೈಯಲ್ಲಿ ನೀರಿನ ಬಾಟಲಿ. ಅವಳೂ ಅತ್ತ ಇತ್ತ ನೋಡಿ ಸಾಲು ಹಿಡಿದು ಸುರಿದು ಹೋದಳು. ಅವಳ ಹಿಂದೆಯೇ ಹೆಂಡತಿ, ಇಡೀ ಬಿಂದಿಗೆ ಸೊಂಟದ ಮೇಲೆ.

"ಲೇ!" ಎಂದ ಮೇಸ್ತ್ರಿ.

ಬಿಂದಿಗೆ ಕೈಜಾರಿ ಬಿತ್ತು. ಉಳಿದ ನೀರೂ ಟ್ರೇಗಳ ಮೇಲೆಯೇ ಹರಿಯಿತು. ಸದ್ದು ಕೇಳಿ ಅಜ್ಜಿ, ಮೊಮ್ಮಗಳು ಓಡಿ ಬಂದರು.

"ಎಷ್ಟು ದಿನದಿಂದ ನಡೀತಿದೆ ಇದು? ನನ್ನ ಸಸೀನ ಮುಳುಗಿಸಿ ಕೊಲ್ತಿರೋರು ನೀವೇನೇ? ಮನೇಲೇ ಕಳ್ಳರನ್ನ ಇಟ್ಕೊಂಡು ನಾನು ಬೀಜದವನ ಮೇಲೆ ಹಾರಾಡಿದೆನಲ್ಲೇ!"

"ಮೊದಲನೇ ಸಲದಿಂದ" ಎಂದಳು ಮಗಳು ಮೆಲ್ಲಗೆ. "ಮಧ್ಯಾಹ್ನ ಮೇಲ್ಮಣ್ಣು ಬೆಳ್ಳಗಿರುತ್ತಪ್ಪಾ. ನೀನು ನೋಡಿದ್ರೆ ಬೈತೀಯ ಅಂತ... ಆದ್ರೆ ಅಮ್ಮ, ಅಜ್ಜೀನೂ ಹಾಕ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ."

"ನನಗೇನು ಗೊತ್ತಿತ್ತಾ?" ಎಂದಳು ಅಜ್ಜಿ. "ನಾನೊಬ್ಬಳೇ ಅಂದ್ಕೊಂಡಿದ್ದೆ."

"ಹಾಕಬೇಡಿ ಅಂತ ಹೇಳಿದ್ನೋ ಇಲ್ವೋ?"

ಹೆಂಡತಿ ಒದ್ದೆ ಸೆರಗನ್ನು ಹಿಂಡುತ್ತಿದ್ದವಳು ಥಟ್ಟನೆ ತಲೆಯೆತ್ತಿದಳು. "ಯಾವಾಗ ಹೇಳಿದ್ರಿ? ಒಣಗಿದ್ರೆ ಬಿಡಲ್ಲ ಅಂದ್ರಿ. ನೀರು ಹಾಕಬೇಡಿ ಅಂತ ಈ ಜನ್ಮದಲ್ಲಿ ಯಾವತ್ತಾದ್ರೂ ಅಂದಿದ್ದೀರಾ? ಈ ಮನೆ ಕಟ್ಟುವಾಗ ಬಸುರಿ ನಾನು, ಬಾವಿಯಿಂದ ಹೊತ್ತು ಹೊತ್ತು ಗೋಡೆಗೆ ನೀರು ಹೊಡೆದೆ. ಒಂದು ಮಧ್ಯಾಹ್ನ ಕಣ್ಣು ಹತ್ತಿತು, ಅಡುಗೆಮನೆ ಕಿಟಕಿ ಮೇಲಿನ ಸಜ್ಜ ಬಿರುಕು ಬಿಡ್ತು. ಏನು ಮಾಡಿದ್ರಿ? ಕೊಡ ಒಡೆದ್ರಿ. ಎರಡು ತಿಂಗಳು ಮಾತಾಡ್ಲಿಲ್ಲ. ಇವತ್ತಿಗೂ ಆ ಬಿರುಕು ತೋರಿಸಿ, ಬಂದೋರಿಗೆಲ್ಲ ಇದು ನನ್ನ ಹೆಂಡತಿ ನಿದ್ದೆ ಮಾಡಿದ ಗುರುತು ಅಂತೀರಿ. ಹೊಸದು ಏನೇ ಇರ್ಲಿ, ಒಣಗೋಕೆ ಬಿಡಬಾರದು ಅಂತ ಈ ಮನೇಲಿ ಕಲಿಸಿದ್ದು ಯಾರು ರೀ?"

ಮೇಸ್ತ್ರಿ ಕರಣೆಯನ್ನು ಎತ್ತಿ ತಾರಸಿಯ ಮೂಲೆಗೆ ಎಸೆದ. ಅದು ನೀರಿನ ಟ್ಯಾಂಕಿಗೆ ಬಡಿದು ವಾಪಸು ಅವನ ಕಾಲ ಬಳಿಗೇ ಬಂತು.

"ಹಸಿದ ಮಗು ಅಳುತ್ತೆ ಅಳಿಯಂದ್ರೇ" ಎಂದಳು ಅತ್ತೆ. "ಹೊಟ್ಟೆ ಬಿರಿಯೋಷ್ಟು ಉಂಡ ಮಗು ಸುಮ್ಮನೆ ಮಲಗುತ್ತೆ. ನಿಮ್ಮ ಸಸಿ ಮಲಗಿದಾಗಲೇ ನಮಗೆ ತಿಳೀಬೇಕಿತ್ತು."

ನಾಲ್ಕನೆಯ ಸಲ ಮಣ್ಣನ್ನು ದಪ್ಪ ಜರಡಿಯಲ್ಲಿ ಹಿಡಿದ, ಒರಟು ಮರಳು ಬೆರೆಸಿದ. ಕರಣೆ ಮುಟ್ಟಲಿಲ್ಲ. ಮೇಲ್ಮೈ ಏರುಪೇರಾಗಿಯೇ ಉಳಿಯಿತು. ಅದನ್ನು ನೋಡಿದರೆ ಅವನಿಗೆ ಹಲ್ಲಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಮನೆಯ ಮೂವರಿಗೂ ತಾರಸಿ ಬಂದ್ ಎಂದು ಸಾರಿದ. ಎರಡನೆಯ ದಿನ ಮೇಲ್ಮಣ್ಣು ಬೆಳ್ಳಗಾಯಿತು. ಅವನ ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ಹಿಂದೆಗೆದ. ಪರದೆ ಸರಿಪಡಿಸುವ ನೆಪದಲ್ಲಿ ಮತ್ತೆ ಹೋದ, ಮತ್ತೆ ಹಿಂದೆಗೆದ. ಮಧ್ಯಾಹ್ನದ ಹೊತ್ತಿಗೆ ಚೊಂಬು ಕೈಯಲ್ಲಿತ್ತು, ನೀರು ತುಂಬಿತ್ತು, ಇನ್ನೇನು ಬಗ್ಗಿಸಬೇಕು.

"ಥೂ!" ಎಂದು ಆ ನೀರನ್ನು ತನ್ನ ತಲೆಯ ಮೇಲೆಯೇ ಸುರಿದುಕೊಂಡ. ಒದ್ದೆ ಬಟ್ಟೆಯಲ್ಲೇ ಕೆಳಗಿಳಿದು, ಚೊಂಬನ್ನು ಅತ್ತೆಯ ಮುಂದೆ ಕುಕ್ಕಿದ.

"ಅತ್ತೇ, ಇದು ನಿಮ್ಮ ಹತ್ತಿರ ಇರ್ಲಿ. ನಾನು ಕೇಳಿದ್ರೂ ಕೊಡಬೇಡಿ."

"ಬೈದ್ರೆ?"

"ನಿಮ್ಮನ್ನ ಯಾವತ್ತು ಬೈದಿದ್ದೀನಿ?"

ಅದು ನಿಜವಾಗಿತ್ತು. ಮನೆಮಂದಿಯನ್ನೆಲ್ಲ ಸೇರಿಸಿ ಕೂಗಾಡಿದ್ದು ಬಿಟ್ಟರೆ, ಆ ಮನೆಯಲ್ಲಿ ಅವನ ಬಾಯಿಗೆ ಸಿಗದ ಒಂದೇ ಜೀವ ಅತ್ತೆ. ಅಂದಿನಿಂದ ಚೊಂಬು ಅವಳ ಮಡಿಲಿಗೆ ಹೋಯಿತು. ಮೇಸ್ತ್ರಿಯ ಪಾಲಿಗೆ ಟ್ರೇ ಎತ್ತಿ ನೋಡುವ ಕೆಲಸ ಉಳಿಯಿತು. ಒದ್ದೆ ಮರಳಿನ ಬಾಂಡ್ಲಿ ಯಾವುದು, ಒಣ ಮರಳಿನದು ಯಾವುದು ಎಂದು ಅವನ ತೋಳಿಗೆ ಚೆನ್ನಾಗಿ ಗೊತ್ತಿತ್ತು. ಟ್ರೇ ಹಗುರವಾದಾಗ ಮಾತ್ರ "ಅತ್ತೇ" ಎನ್ನುತ್ತಿದ್ದ. ಇಷ್ಟು ದಿನ ಈ ತೋಳಿಗೇನು ಮಂಕು ಬಡಿದಿತ್ತು ಎಂದು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದ.

ಈ ಸಲ ಸಸಿಗಳು ನಿಂತವು. ಗಿಡ್ಡಗೆ, ದಪ್ಪ ಕಾಂಡದವಾಗಿ, ಬುಡದಲ್ಲಿ ನೇರಳೆ ಬಣ್ಣ ತಿರುಗಿ ನಿಂತವು. ಆದರೆ ಗಾಳಿ ಕಾಯಲಿಲ್ಲ. ಸ್ಟ್ಯಾಂಡಿಗೆ ಹೊತ್ತು ತರುವ ಹೊತ್ತಿಗೆ ಬೆಳಗಿನ ಹೊತ್ತು ತಂಪಾಗಿತ್ತು. ಬೀದಿಯ ಅರ್ಧ ಜನ ಬೇರೆ ಕಡೆಯಿಂದ ಸಸಿ ತಂದು ನೆಟ್ಟಾಗಿತ್ತು. ಸಸಿ ಅಕ್ಕ ಒಂದು ಸಸಿ ಎಳೆದು ಬೇರು ನೋಡಿದಳು.

"ಸಸಿ ಚೆನ್ನಾಗಿದೆ. ಆದ್ರೆ ಹೊತ್ತು ಮೀರಿ ಬಂದಿದೆ ಮೇಸ್ತ್ರಿ. ಎಷ್ಟು ಹೋಗುತ್ತೋ ನೋಡೋಣ. ಸ್ಟ್ಯಾಂಡು ನಿಮ್ಮ ಹತ್ತಿರಾನೇ ಇರ್ಲಿ. ಮುಂದೆ ಕೋಸು, ಬದನೆ ತನ್ನಿ. ಟೊಮೆಟೊ ಮುಂದಿನ ವರ್ಷ ಮೊದಲೇ ಹಾಕಿ."

ಚೆನ್ನಾಗಿದೆ ಎಂದಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಹೊತ್ತು ಮೀರಿದ್ದೇ ಮುಳ್ಳಾಗಿ ಚುಚ್ಚಿತು. ಮನೆಯಲ್ಲಿ ಬಾಮೈದ ಕಾದಿದ್ದ.

"ಸ್ಟ್ಯಾಂಡು ಗೆದ್ದಿರಂತಲ್ಲ ಭಾವ! ನನಗೂ ಒಂದಿಷ್ಟು ಸಸಿ ಕೊಡಿ. ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?"

"ನೀರು ಅಂದ್ರೆ ಕಾಲು ಮುರೀತೀನಿ!" ಮೇಸ್ತ್ರಿಯ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಆಮೇಲೆ ಮಂಡಿ ಒತ್ತಿಕೊಂಡು ಹೇಳಿದ. "ಲೋ, ಆ ಸ್ಟೂಲು ಇನ್ನೂ ಇದೆಯೇನೋ? ಕಳಿಸು. ತಾರಸೀಲಿ ಬೇಕು. ನಿಂತು ನಿಂತು ಕಾಲು ಸಾಯ್ತಿದೆ."

"ದಿಂಬು?"

"ಅದನ್ನೂ ಕಳಿಸು, ದರಿದ್ರದವನೇ."

ಸಂಜೆಗೆ ಸ್ಟೂಲು ಬಂತು. ಮೇಸ್ತ್ರಿ ಕೋಸಿನ ಬೀಜದ ಪೊಟ್ಟಣ ಹಿಡಿದು ತಾರಸಿ ಹತ್ತುವ ಹೊತ್ತಿಗೆ ಅತ್ತೆ ಅದರ ಮೇಲೆ ದಿಂಬು ಹಾಕಿಕೊಂಡು, ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬನ್ನಿ ಅಳಿಯಂದ್ರೇ" ಎಂದಳು. "ಉಳಿದಿರೋ ಈ ಟೊಮೆಟೊ ಟ್ರೇ ಎತ್ತಿ ನೋಡಿ, ಹಗುರ ಆದ ಹಾಗಿದೆ."

ಮೇಸ್ತ್ರಿ ನೋಯುವ ಮಂಡಿ ಊರಿ ಬಗ್ಗಿ, ಟ್ರೇ ಎತ್ತಿದ.

"ಇಲ್ಲ. ಇನ್ನೂ ಭಾರ" ಎಂದು ಹಲ್ಲು ಕಡಿದ.